ತಲೆ ಮೇಲೆ ಹಾರುವುದು ಯಾರದ್ದು ಅಂತ ಕೆಳಗಿರುವವರಿಗೂ ತಿಳಿಯಲಿ

ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ ಮತ್ತು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಡ್ರೋನ್ ಹಾರಿಸುವವರ ಕಷ್ಟಸುಖ ನಿಮಗೆ ಚೆನ್ನಾಗಿ ಗೊತ್ತು. 2021ರ ಆಗಸ್ಟ್‌ನಲ್ಲಿ ಹೊಸ ಡ್ರೋನ್ ನಿಯಮಗಳನ್ನು ತಂದಾಗ 25 ಫಾರಂಗಳನ್ನು 5ಕ್ಕೆ ಇಳಿಸಿದಿರಿ. 72 ಬಗೆಯ ಶುಲ್ಕ 4ಕ್ಕೆ ಬಂತು. ಕಂಪನಿಗಳು ಖುಷಿಪಟ್ಟವು. ಒಳ್ಳೆಯದೇ ಆಯಿತು, ನನ್ನ ತಕರಾರಿಲ್ಲ. ಆದರೆ ಆ ನಿಯಮಗಳನ್ನು ಓದುತ್ತಾ ಹೋದರೆ ತಯಾರಕರು ಸಿಗುತ್ತಾರೆ, ಪೈಲಟ್ ಸಿಗುತ್ತಾರೆ, ತರಬೇತಿ ಶಾಲೆ ಸಿಗುತ್ತದೆ. ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿರುವ ಮನುಷ್ಯ ಮಾತ್ರ ಸಿಗುವುದಿಲ್ಲ. ಯಾರ ಪ್ರಾಣಕ್ಕೂ ಆಸ್ತಿಗೂ ಅಪಾಯ ಮಾಡಬಾರದು, ಥರ್ಡ್ ಪಾರ್ಟಿ ವಿಮೆ ಇರಬೇಕು ಅನ್ನುವುದು ಬಿಟ್ಟರೆ ಅವನ ಪಾಲಿಗೆ ಅಲ್ಲಿ ಜಾಸ್ತಿ ಏನೂ ಇಲ್ಲ. ಅದಕ್ಕೂ ಹಿಂದಿನ ನಿಯಮಗಳಲ್ಲಿ ಜನರ ಖಾಸಗಿತನ ಕಾಪಾಡಬೇಕು ಅನ್ನುವ ಸಾಲಾದರೂ ಇತ್ತು. ಸರಳ ಮಾಡುವ ಭರದಲ್ಲಿ ಅದೂ ಹೋಯಿತು.

ಆ ಕೆಳಗೆ ನಿಂತವರ ಪರವಾಗಿ ಈ ಪತ್ರ.

ಇಷ್ಟು ದಿನ ನಮಗೆ ಗೊತ್ತಿದ್ದದ್ದು ಮದುವೆ ಡ್ರೋನ್. ತಾಳಿ ಕಟ್ಟುವ ಹೊತ್ತಿಗೆ ಅದು ಛತ್ರದೊಳಗೆ ಗುಂಯ್‌ಗುಟ್ಟಿದರೆ ಪುರೋಹಿತರು ಮುಖ ಸಿಂಡರಿಸುತ್ತಾರೆ, ಮಕ್ಕಳು ಕೈ ಬೀಸುತ್ತಾರೆ, ಅಷ್ಟೇ. ಯಾರಿಗೂ ಭಯವಿಲ್ಲ. ಯಾಕೆಂದರೆ ರಿಮೋಟ್ ಹಿಡಿದ ಹುಡುಗ ಅಲ್ಲೇ ಕಂಬದ ಪಕ್ಕ ನಿಂತಿರುತ್ತಾನೆ. ಅತಿಯಾಯಿತು ಅನಿಸಿದರೆ "ಸಾಕು ಇಳಿಸಪ್ಪ" ಅಂತ ಒಂದು ಮಾತು ಹೇಳಬಹುದು. ಈಗ ಬರುತ್ತಿರುವ ಡ್ರೋನ್‌ಗಳ ಜತೆ ಆ ಹುಡುಗ ಇರುವುದಿಲ್ಲ. ಅವು ಹೋಗಬೇಕಾದ ಜಾಗ ಗೊತ್ತು ಮಾಡಿಕೊಂಡು ತಾವೇ ಏಳುತ್ತವೆ. ಅಡ್ಡ ಬಂದ ಮರ, ಕಟ್ಟಡಗಳನ್ನು ಕ್ಯಾಮೆರಾ, ಸೆನ್ಸರ್‌ಗಳಲ್ಲಿ ನೋಡಿ ತಪ್ಪಿಸಿಕೊಳ್ಳುತ್ತವೆ. ಪೊಟ್ಟಣ ಇಳಿಸಿ ವಾಪಸ್ ಹೋಗುತ್ತವೆ. ಎಲ್ಲೋ ದೂರದ ಕೋಣೆಯಲ್ಲಿ ಒಬ್ಬರು ಸ್ಕ್ರೀನ್ ಮುಂದೆ ಕೂತು ಒಟ್ಟಿಗೆ ಹಲವು ಡ್ರೋನ್‌ಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಅವರಿಗೆ "ಸಾಕಪ್ಪ" ಅಂತ ಹೇಳುವುದು ಹೇಗೆ?

ಜನರಿಗೆ ಹಾರುವ ಯಂತ್ರ ಕಂಡರೆ ಹುಟ್ಟಾ ದ್ವೇಷವೇನಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 19 ಜನರನ್ನು ಕರೆದು, ಎದುರಿಗೆ ಡ್ರೋನ್ ಬಿಟ್ಟು, ನಿಮಗೆ ಹೇಗೆ ತೋಚುತ್ತೋ ಹಾಗೆ ಇದರ ಜತೆ ವ್ಯವಹರಿಸಿ ಅಂದರು. ಜನ ಕೈಸನ್ನೆ ಮಾಡಿ ಹತ್ತಿರ ಕರೆದರು. ಅಂಗೈ ತೋರಿಸಿ ನಿಲ್ಲಿಸಿದರು. ಬಾಯಿಬಿಟ್ಟು ಮಾತಾಡಿದರು. ಸಾಕುಪ್ರಾಣಿ ಜತೆ ಇದ್ದ ಹಾಗಿತ್ತು ಅಂದವರು ಬಹಳ ಮಂದಿ. ನಮ್ಮ ಕಡೆಯೂ ಹಾಗೇ. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನ್ ಬಂದರೆ ಅರ್ಧ ಊರೇ ಬೇಲಿ ಹತ್ತಿರ ಸೇರುತ್ತದೆ. ಮೇಲಿಂದ ಹೊಡೆದ ಬೋರ್ಡೋ ದ್ರಾವಣ ಸೋಗೆ ದಾಟಿ ಗೊನೆಗೆ ಸರಿಯಾಗಿ ತಲುಪುತ್ತಾ ಅಂತ ಬೆಳೆಗಾರರಲ್ಲಿ ವಾದ ಇದೆ, ಅದು ಬೇರೆ ಮಾತು. ಡ್ರೋನ್ ಯಾರ ತೋಟಕ್ಕೆ ಬಂತು, ಯಾರು ತರಿಸಿದರು, ಎಷ್ಟು ದುಡ್ಡು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ ಭಯದ ಪ್ರಶ್ನೆಯೇ ಇಲ್ಲ.

ಗೊತ್ತಿಲ್ಲದಿದ್ದಾಗ ಏನಾಗುತ್ತದೆ ಅನ್ನುವುದನ್ನು 2025ರ ಜುಲೈ, ಆಗಸ್ಟ್‌ನಲ್ಲಿ ಪಶ್ಚಿಮ ಉತ್ತರ ಪ್ರದೇಶ ತೋರಿಸಿತು. ರಾತ್ರಿ ಹೊತ್ತು ಆಕಾಶದಲ್ಲಿ ದೀಪ ಕಾಣುತ್ತಿದೆ, ಕಳ್ಳರು ಡ್ರೋನ್ ಬಿಟ್ಟು ಮನೆ ಗುರುತು ಮಾಡಿಕೊಳ್ಳುತ್ತಿದ್ದಾರೆ ಅನ್ನುವ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಗಂಡಸರು ದೊಣ್ಣೆ ಹಿಡಿದು ರಾತ್ರಿಯಿಡೀ ಕಾವಲು ಕೂತರು. ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತರಿಗೆ ಏಟು ಬಿತ್ತು. ಮುಜಫ್ಫರ್‌ನಗರದಲ್ಲಂತೂ ಪೊಲೀಸರು ಹಿಡಿದ ಇಬ್ಬರು ಯುವಕರ ಹತ್ತಿರ ಡ್ರೋನೇ ಇರಲಿಲ್ಲ. ಅವರು ಪಾರಿವಾಳಗಳಿಗೆ ಕೆಂಪು, ಹಸಿರು ದೀಪ ಕಟ್ಟಿ ಹಾರಿಸುತ್ತಿದ್ದರು! ಓದಿದಾಗ ನಗು ಬರುತ್ತದೆ. ಆದರೆ ಕತ್ತಲಲ್ಲಿ ಪಾರಿವಾಳಕ್ಕೂ ಡ್ರೋನ್‌ಗೂ ವ್ಯತ್ಯಾಸ ತಿಳಿಯುವ ದಾರಿ ಆ ಹಳ್ಳಿಯವರಿಗೆ ಏನಿತ್ತು? ಯಾರನ್ನು ಕೇಳಬೇಕಿತ್ತು? ಸರ್ಕಾರದ ಉತ್ತರ ಬಂದದ್ದು ಗ್ಯಾಂಗ್‌ಸ್ಟರ್ ಕಾಯ್ದೆ, ರಾಷ್ಟ್ರೀಯ ಭದ್ರತಾ ಕಾಯ್ದೆ ಹಾಕುತ್ತೇವೆ ಅನ್ನುವ ಎಚ್ಚರಿಕೆಯ ರೂಪದಲ್ಲಿ. ಅದು ಹಾರಿಸುವವರನ್ನು ಹೆದರಿಸಬಹುದು. ನೋಡುವವರ ಹೆದರಿಕೆಯನ್ನು ಅದು ಕಡಿಮೆ ಮಾಡುವುದಿಲ್ಲ. ಇಷ್ಟು ದೊಡ್ಡ ಕಾಯ್ದೆ ತಂದಿದ್ದಾರೆ ಅಂದಮೇಲೆ ಏನೋ ಇರಲೇಬೇಕು ಅಂತ ಜನ ಇನ್ನಷ್ಟು ಗಟ್ಟಿಯಾಗಿ ನಂಬುತ್ತಾರೆ.

ಹಳ್ಳಿಯವರು, ಓದಿಲ್ಲದವರು, ಅದಕ್ಕೇ ಹೀಗೆ ಅಂತ ಯಾರಾದರೂ ಹೇಳುವ ಮೊದಲು ಅಮೆರಿಕದ ನ್ಯೂಜೆರ್ಸಿ ಕಡೆ ನೋಡಿ. 2024ರ ನವೆಂಬರ್, ಡಿಸೆಂಬರ್‌ನಲ್ಲಿ ಅಲ್ಲಿ ನಡೆದದ್ದು ಇದೇ. ರಾತ್ರಿ ನಿಗೂಢ ಡ್ರೋನ್‌ಗಳು ಕಾಣುತ್ತಿವೆ ಅಂತ ಎಫ್‌ಬಿಐಗೆ 5,000ಕ್ಕೂ ಹೆಚ್ಚು ಕರೆಗಳು ಬಂದವು. ಅದರಲ್ಲಿ ಬೆನ್ನು ಹತ್ತಲು ಯೋಗ್ಯವಾದದ್ದು ಸುಮಾರು ನೂರು. ಕೆಲವರು ಪ್ರಯಾಣಿಕರ ವಿಮಾನಗಳಿಗೇ ಲೇಸರ್ ಬಿಟ್ಟರು. ಜನ ನೋಡಿದ್ದು ಕಾನೂನುಬದ್ಧ ಡ್ರೋನ್‌ಗಳು, ವಿಮಾನಗಳು, ಹೆಲಿಕಾಪ್ಟರ್‌ಗಳು, ಕೆಲವು ಸಲ ಬರೀ ನಕ್ಷತ್ರಗಳು ಅಂತ ಅಲ್ಲಿನ ಕೇಂದ್ರ ಸಂಸ್ಥೆಗಳು ಡಿಸೆಂಬರ್ ಮಧ್ಯದಲ್ಲಿ ಜಂಟಿ ಹೇಳಿಕೆ ಕೊಟ್ಟವು. ಹಲವು ಡ್ರೋನ್‌ಗಳಿಗೆ ಸರ್ಕಾರದ್ದೇ ಅನುಮತಿ ಇತ್ತು ಅಂತ ಶ್ವೇತಭವನ ಹೇಳಿದ್ದು 2025ರ ಜನವರಿ ಕೊನೆಗೆ. ಅಷ್ಟು ಹೊತ್ತಿಗೆ ಯಾರು ನಂಬುತ್ತಾರೆ?

ಈ ನ್ಯೂಜೆರ್ಸಿ ಪ್ರಸಂಗ ನನ್ನ ಬೇಡಿಕೆಗೇ ಒಂದು ತೊಡಕು ತರುತ್ತದೆ. ನಾನು ನಿಮ್ಮಲ್ಲಿ ಕೇಳಬೇಕೆಂದಿರುವುದು, ಹಾರುವ ಡ್ರೋನ್ ತನ್ನ ಗುರುತನ್ನು ಸುತ್ತಲಿನವರಿಗೆ ತಿಳಿಸುತ್ತಿರಬೇಕು ಅನ್ನುವುದನ್ನು. ರಿಮೋಟ್ ಐಡಿ ಅನ್ನುತ್ತಾರೆ ಅದನ್ನು. ಡ್ರೋನ್ ಹಾರುತ್ತಿರುವಾಗ ತನ್ನ ನಂಬರ್, ಇರುವ ಜಾಗ, ಎತ್ತರ, ವೇಗ ಇಷ್ಟನ್ನೂ ವೈಫೈ ಅಥವಾ ಬ್ಲೂಟೂತ್ ಮೂಲಕ ಸಾರುತ್ತಾ ಹೋಗುತ್ತದೆ. ಹತ್ತಿರದಲ್ಲಿರುವ ಯಾರು ಬೇಕಾದರೂ ಫೋನಿನ ಆ್ಯಪ್‌ನಲ್ಲಿ ಹಿಡಿದು ನೋಡಬಹುದು. ಅಮೆರಿಕದಲ್ಲಿ ಇದು 2024ರ ಮಾರ್ಚ್‌ನಿಂದ ಬಿಗಿಯಾಗಿ ಜಾರಿಯಲ್ಲಿದೆ. ಯುರೋಪಿನಲ್ಲೂ 2024ರ ಜನವರಿಯಿಂದ ಇಂಥದ್ದೇ ನಿಯಮ ಬಂದಿದೆ. ಅಂದರೆ ನ್ಯೂಜೆರ್ಸಿಯಲ್ಲಿ ಗಲಾಟೆ ಆದಾಗ ಈ ವ್ಯವಸ್ಥೆ ಅಲ್ಲಿ ಇತ್ತು. ಆದರೂ ಜನ ಹೆದರಿದರು.

ಹಾಗಾದರೆ ಗುರುತು ವ್ಯರ್ಥವೇ? ಅಲ್ಲ. ಆದರೆ ಗುರುತು ಒಂದೇ ಸಾಲದು. ಕೇಳಿದಾಗ ಬೇಗ ಉತ್ತರ ಕೊಡುವವರು ಬೇಕು. ಫೋನಿನಲ್ಲಿ ಇಪ್ಪತ್ತು ಅಂಕಿ ಅಕ್ಷರಗಳ ನಂಬರ್ ಕಂಡರೆ ನಮ್ಮ ಮನೆ ಅಜ್ಜಿಗೆ ಏನು ಸಮಾಧಾನ? "ಇದು ಇಂಥ ಆಸ್ಪತ್ರೆಯ ಔಷಧಿ ಒಯ್ಯುವ ಡ್ರೋನ್, ಇಲ್ಲಿಂದ ಇಲ್ಲಿಗೆ ಹೋಗುತ್ತಿದೆ, ಅನುಮತಿ ಇದೆ" ಅಂತ ಒಂದು ಸಾಲು ಕನ್ನಡದಲ್ಲಿ ಕಂಡರೆ ಅವರು ಕೈಮುಗಿದು ಒಳಗೆ ಹೋಗುತ್ತಾರೆ. ಆಕಾಶದಲ್ಲಿರುವುದು ಡ್ರೋನೇ ಅಲ್ಲ, ವಿಮಾನ ಅಂತ ಹೇಳಬೇಕಾದರೂ ಹೇಳುವ ಒಬ್ಬರು ಬೇಕಲ್ಲ.

ನಮ್ಮಲ್ಲಿ ಪರಿಸ್ಥಿತಿ ಏನು? ಪ್ರತಿ ಡ್ರೋನ್‌ಗೂ ಯುಐಎನ್ ಅನ್ನುವ ನೋಂದಣಿ ಸಂಖ್ಯೆ ಇದೆ. ಆದರೆ ಅದು ನಿಮ್ಮ ಕಂಪ್ಯೂಟರ್‌ನಲ್ಲಿದೆ. ಅದನ್ನು ಡ್ರೋನ್ ಮೇಲೆ ಬರೆದಿದ್ದರೂ 100 ಅಡಿ ಮೇಲಿರುವುದನ್ನು ಓದುವುದು ಹದ್ದಿಗೆ ಮಾತ್ರ ಸಾಧ್ಯ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು (ಅನುಮತಿ ಬೇಕಿಲ್ಲ), ಹಳದಿ (ಅನುಮತಿ ಬೇಕು), ಕೆಂಪು (ಕೇಂದ್ರದ ಅನುಮತಿಯಿಲ್ಲದೆ ಹಾರುವಂತಿಲ್ಲ) ವಲಯಗಳಿವೆ. ಅದು ಹಾರಿಸುವವರಿಗೆ ಬೇಕಾದ ನಕ್ಷೆ. ನಮ್ಮ ಬೆಂಗಳೂರನ್ನೇ ನೋಡಿ. ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ, ಆಚೆಗೆ ಕೆಂಪೇಗೌಡ ವಿಮಾನ ನಿಲ್ದಾಣ, ಹೀಗೆ ಊರಿನ ತುಂಬಾ ಬಣ್ಣದ ವೃತ್ತಗಳು. ನಮ್ಮ ಮಹಡಿ ಮೇಲೆ ಬಂದು ನಿಂತ ಡ್ರೋನ್ ಹಳದಿ ವಲಯಕ್ಕೆ ಅನುಮತಿ ತೆಗೆದುಕೊಂಡು ಬಂದಿದೆಯೋ, ಸುಮ್ನೆ ಬಂದಿದೆಯೋ ಅಂತ ಯಾವ ಬಣ್ಣವೂ ನಮಗೆ ಹೇಳುವುದಿಲ್ಲ. ಡ್ರೋನ್ ಎಲ್ಲಿದೆ ಅಂತ ಆ ಕ್ಷಣವೇ ತೋರಿಸುವ ಬೀಕನ್ ಬಗ್ಗೆ 2021ರ ನಿಯಮದಲ್ಲಿ ಪ್ರಸ್ತಾಪ ಇದೆ. ಆದರೆ ಸರ್ಕಾರ ಮುಂದೆ ಬೇಕಾದರೆ ಕಡ್ಡಾಯ ಮಾಡಬಹುದು ಅಂತ ಬರೆದು ಬಿಟ್ಟಿದ್ದೀರಿ. ಆ "ಮುಂದೆ" ಈಗ ಬಂದಿದೆ ಸ್ವಾಮಿ. ಕೋಣನಕುಂಟೆ, ಕನಕಪುರ ರಸ್ತೆ ಕಡೆ ಅಪಾರ್ಟ್‌ಮೆಂಟ್‌ಗಳಿಗೆ ದಿನಸಿ ಹೊತ್ತ ಡ್ರೋನ್‌ಗಳು ಬರತೊಡಗಿವೆ.

ದಿನಸಿ ಅಂದೆನಲ್ಲ, ಅದು ಇನ್ನೊಂದು ವಿಷಯ. ಯಾರದ್ದು ಅಂತ ಚೆನ್ನಾಗಿ ಗೊತ್ತಿದ್ದೂ ಜನ ಸಿಟ್ಟಾದ ಊರುಗಳಿವೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿಂಗ್ ಕಂಪನಿ 2018ರಲ್ಲಿ ಬೊನಿಥನ್ ಅನ್ನುವ ಬಡಾವಣೆಯಲ್ಲಿ ಡ್ರೋನ್ ಡೆಲಿವರಿ ಪರೀಕ್ಷೆ ಶುರು ಮಾಡಿತು. ಕಾಫಿ, ತಿಂಡಿ ಹಗ್ಗದಲ್ಲಿ ಇಳಿದು ಹಿತ್ತಲಿಗೆ ಬರುತ್ತಿತ್ತು. ತರಿಸಿಕೊಂಡವರಿಗೆ ಸಂಭ್ರಮ. ಅಕ್ಕಪಕ್ಕದವರಿಗೆ ತಲೆನೋವು. ಕರ್ಕಶ ಸದ್ದು, ನಾಯಿಗಳ ಗಾಬರಿ ಅಂತ ದೂರುಗಳು ಬಂದವು. ನಿವಾಸಿಗಳು ಸೇರಿ ವಿರೋಧಿ ಗುಂಪನ್ನೇ ಕಟ್ಟಿದರು. ಅಲ್ಲಿನ ಶಾಸನಸಭೆ ವಿಚಾರಣೆ ನಡೆಸಿತು. ಕಂಪನಿ ಸದ್ದು ಕಡಿಮೆ ಮಾಡುವ ಡ್ರೋನ್ ತಂದಿತು. (ಕಾಗೆಗಳಂಥ ರೇವನ್ ಹಕ್ಕಿಗಳಿಗೆ ಮಾತ್ರ ಅದೂ ಒಪ್ಪಿಗೆಯಾಗಲಿಲ್ಲ. 2021ರಲ್ಲಿ ಗೂಡು ಕಟ್ಟುವ ಕಾಲಕ್ಕೆ ಅವು ಡ್ರೋನ್ ಮೇಲೆರಗಿ ಒಂದು ಬಡಾವಣೆಯಲ್ಲಿ ಸೇವೆಯನ್ನೇ ನಿಲ್ಲಿಸಿದವು. ಅವು ಯಾರಿಗೂ ಅರ್ಜಿ ಬರೆಯಲಿಲ್ಲ.) ಅಮೆರಿಕದ ಟೆಕ್ಸಸ್‌ನ ಕಾಲೇಜ್ ಸ್ಟೇಷನ್ ಊರಿನಲ್ಲಿ ಅಮೆಜಾನ್ ದಿನಕ್ಕೆ 200 ಇದ್ದ ಹಾರಾಟವನ್ನು 469ಕ್ಕೆ ಏರಿಸಲು ಹೊರಟಾಗ, 2024ರಲ್ಲಿ ಅಲ್ಲಿನ ಮೇಯರೇ ಸದ್ದಿನ ಬಗ್ಗೆ ವಿಮಾನಯಾನ ಇಲಾಖೆಗೆ ಪತ್ರ ಬರೆದರು. ಇದು ಬರೀ ಜನರ ಮುನಿಸಲ್ಲ. ಅಷ್ಟೇ ಜೋರಿನ ವಾಹನದ ಸದ್ದಿಗಿಂತ ಡ್ರೋನ್ ಸದ್ದು ಕಿವಿಗೆ ಹೆಚ್ಚು ಕಿರಿಕಿರಿ ಮಾಡುತ್ತದೆ ಅಂತ ನಾಸಾದ ಲ್ಯಾಂಗ್ಲಿ ಕೇಂದ್ರ 2017ರ ಅಧ್ಯಯನದಲ್ಲೇ ತೋರಿಸಿತ್ತು.

ಆಫ್ರಿಕಾದ ರುವಾಂಡಾದಲ್ಲಿ 2016ರ ಅಕ್ಟೋಬರ್‌ನಿಂದ ಜಿಪ್‌ಲೈನ್ ಅನ್ನುವ ಕಂಪನಿಯ ಡ್ರೋನ್‌ಗಳು ಆಸ್ಪತ್ರೆಗಳಿಗೆ ರಕ್ತ ಒಯ್ಯುತ್ತಿವೆ. ಬರುವ ಸುದ್ದಿ ಆಸ್ಪತ್ರೆಗೆ ಮೊದಲೇ ಹೋಗುತ್ತದೆ, ಪೆಟ್ಟಿಗೆ ಕಾಗದದ ಪ್ಯಾರಾಚೂಟ್‌ನಲ್ಲಿ ಇಳಿಯುತ್ತದೆ. ಅಲ್ಲಿ ಆಸ್ಪತ್ರೆಗಳಲ್ಲಿ ಅವಧಿ ಮೀರಿ ಹಾಳಾಗುತ್ತಿದ್ದ ರಕ್ತ 67 ಶೇಕಡಾ ಕಡಿಮೆಯಾಯಿತು ಅಂತ 2022ರ ಅಧ್ಯಯನ ಹೇಳಿತು. ಹೆರಿಗೆಯಲ್ಲಿ ರಕ್ತಸ್ರಾವವಾಗುತ್ತಿರುವ ಹೆಣ್ಣುಮಗಳಿಗೆ ರಕ್ತ ತರುವ ಯಂತ್ರದ ಸದ್ದನ್ನು ಯಾರಾದರೂ ಸಹಿಸಿಕೊಳ್ಳುತ್ತಾರೆ. ಪಕ್ಕದ ಮನೆಯವರ ಐಸ್‌ಕ್ರೀಮ್‌ಗಾಗಿ ಯಾಕೆ ಸಹಿಸಿಕೊಳ್ಳಬೇಕು? ಆನೇಕಲ್ ತಾಲೂಕಿನ ಚಂದಾಪುರದಿಂದ ಹಾರಗದ್ದೆಯ ಆರೋಗ್ಯ ಕೇಂದ್ರಕ್ಕೆ 2021ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಎಂಟು ರೆಕ್ಕೆಯ ಡ್ರೋನ್ (ಆಕ್ಟಾಕಾಪ್ಟರ್) ಕೋವಿಡ್ ಲಸಿಕೆ ಒಯ್ದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ನಿಮ್ಮ ನಿಯಮಗಳಲ್ಲಿ ತೂಕದ ಲೆಕ್ಕ ಇದೆ, ಎತ್ತರದ ಲೆಕ್ಕ ಇದೆ. ಯಾವ ಕೆಲಸಕ್ಕೆ ಹಾರುತ್ತಿದೆ ಅನ್ನುವ ಲೆಕ್ಕವೂ ಇರಲಿ. ಲಸಿಕೆಗೂ ಚಿಪ್ಸ್ ಪ್ಯಾಕೆಟ್‌ಗೂ ಒಂದೇ ದಾರಿ, ಒಂದೇ ಹೊತ್ತು ಬೇಡ.

ಜನರನ್ನು ಒಪ್ಪಿಸುವುದು ಹೇಗೆ ಅಂತ ಕಲಿಯಲು ರುವಾಂಡಾದವರೆಗೂ ಹೋಗಬೇಕಿಲ್ಲ. ಸ್ವಾಮಿತ್ವ ಯೋಜನೆ ಕೇಂದ್ರ ಸರ್ಕಾರದ್ದೇ. 2020ರ ಏಪ್ರಿಲ್‌ನಲ್ಲಿ ಶುರುವಾದಾಗ ಮೊದಲ ಪ್ರಯೋಗಕ್ಕೆ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಹಳ್ಳಿಯ ವಸತಿ ಪ್ರದೇಶವನ್ನು ಡ್ರೋನ್‌ನಿಂದ ಅಳೆದು ಮನೆ ಮಾಲೀಕರಿಗೆ ಪ್ರಾಪರ್ಟಿ ಕಾರ್ಡ್ ಕೊಡುವ ಕೆಲಸ ಅದು. ಯೋಚಿಸಿ ನೋಡಿ, ಜನ ರೊಚ್ಚಿಗೇಳಲು ಇದಕ್ಕಿಂತ ದೊಡ್ಡ ಕಾರಣ ಬೇಕೆ? ಸರ್ಕಾರದ ಯಂತ್ರವೊಂದು ಮನೆ, ಹಿತ್ತಲು, ದನದ ಕೊಟ್ಟಿಗೆ ಎಲ್ಲದರ ಫೋಟೋ ತೆಗೆಯುತ್ತದೆ. ಅದೂ ಜಾಗದ ವಿಷಯದಲ್ಲಿ. ನಮ್ಮ ಊರುಗಳಲ್ಲಿ ಒಂದು ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಆದರೂ ಡ್ರೋನ್‌ಗೆ ಕಲ್ಲು ಹೊಡೆದ ಸುದ್ದಿ ನನ್ನ ಕಿವಿಗಂತೂ ಬಿದ್ದಿಲ್ಲ.

ಯಾಕೆಂದರೆ ಅಲ್ಲಿ ಡ್ರೋನ್ ಏಳುವ ಮೊದಲು ಕೆಲಸ ಶುರುವಾಗುತ್ತದೆ. ಗ್ರಾಮಸಭೆ ಕರೆದು ವಿಷಯ ಹೇಳಬೇಕು. ಸಿಬ್ಬಂದಿ ಮನೆಮನೆ ಮುಂದೆ ಬರಬೇಕು. ಮಾಲೀಕರ ಎದುರಿಗೇ ಆಸ್ತಿಯ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಸುಣ್ಣ ಹಾಕುವಾಗ ಜಗಳ ಆಗುವುದಿದ್ದರೆ ಅಲ್ಲೇ ಆಗುತ್ತದೆ, ನೆಲದ ಮೇಲೆ, ಮುಖಾಮುಖಿ. ಡ್ರೋನ್ ಬರುವುದು ಆಮೇಲೆ. ನಕ್ಷೆ ಬಂದ ಮೇಲೂ ಆಕ್ಷೇಪಣೆ ಹೇಳಲು ಅವಕಾಶ ಇರುತ್ತದೆ. ಅಂದರೆ ಕೆಳಗಿನವರು ಬರೀ ನೋಡುಗರಾಗಿರಲಿಲ್ಲ, ಅವರು ಆ ಕೆಲಸದಲ್ಲಿ ಸೇರಿದ್ದರು. ಪಂಚಾಯತ್ ರಾಜ್ ಸಚಿವಾಲಯ ಇದನ್ನು ಹಳ್ಳಿಯಲ್ಲಿ ಮಾಡಬಹುದಾದರೆ, ಡೆಲಿವರಿ ಕಂಪನಿಗಳಿಂದ ನಗರದ ವಾರ್ಡ್‌ಗಳಲ್ಲಿ ಇದರ ಕಾಲುಭಾಗವನ್ನಾದರೂ ನೀವು ಮಾಡಿಸಬಹುದು ಅಲ್ವಾ? ಯಾವ ರಸ್ತೆಗಳ ಮೇಲೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ದಿನಕ್ಕೆ ಎಷ್ಟು ಸಲ ಅಂತ ವಾರ್ಡ್ ಕಚೇರಿಯಲ್ಲಿ ಕನ್ನಡದಲ್ಲಿ ಅಂಟಿಸಲಿ. ಅಪಾರ್ಟ್‌ಮೆಂಟ್ ಸಂಘ ಒಪ್ಪಿದರೆ ಸಾಲದು. ದಾರಿಯಲ್ಲಿ ಸಿಗುವ ವಠಾರದವರೂ ಕೇಳಿಸಿಕೊಳ್ಳಲಿ. ಡ್ರೋನ್ ಅವರ ಮನೆಗೆ ಏನೂ ತರುವುದಿಲ್ಲ. ಆದರೆ ಹಾರುವುದು ಅವರು ಹಪ್ಪಳ ಒಣಗಿಸುವ ಮಾಳಿಗೆ ಮೇಲೆ.

ಮಾತಾಡುವ ಡ್ರೋನ್‌ಗಳ ಬಗ್ಗೆಯೂ ಹೇಳಬೇಕು. 2020ರ ಲಾಕ್‌ಡೌನ್‌ನಲ್ಲಿ ಕೇರಳ ಪೊಲೀಸರು ಒಂದು ವಿಡಿಯೊ ಹಾಕಿದ್ದರು. ಡ್ರೋನ್ ಕಂಡ ಜನ ಲುಂಗಿ ಎತ್ತಿಕಟ್ಟಿ ಓಡುತ್ತಾರೆ, ತೆಂಗಿನ ಮರದ ಹಿಂದೆ ಅಡಗುತ್ತಾರೆ. ಹಿನ್ನೆಲೆಯಲ್ಲಿ ಕ್ರಿಕೆಟ್ ಕಾಮೆಂಟರಿ. ದೇಶವೇ ನಕ್ಕಿತು. ನಾನೂ ನಕ್ಕೆ. ಎರಡು ವರ್ಷದ ನಂತರ ಶಾಂಘೈನಲ್ಲಿ ಮನೆಯೊಳಗೆ ಬಂದಿಯಾಗಿದ್ದವರು ಬಾಲ್ಕನಿಯಲ್ಲಿ ಹಾಡಿದಾಗ, ಕಿಟಕಿ ತೆರೆಯಬೇಡಿ, ಸ್ವಾತಂತ್ರ್ಯದ ಆಸೆಯನ್ನು ಹತೋಟಿಯಲ್ಲಿಡಿ ಅಂತ ಡ್ರೋನ್ ಬಂದು ಧ್ವನಿವರ್ಧಕದಲ್ಲಿ ಹೇಳಿತು. ಆ ವಿಡಿಯೊಗೆ ಯಾರೂ ನಗಲಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಬಗೆಯ ಯಂತ್ರ. ಪೊಲೀಸ್ ಪೇದೆ ಬೈದರೆ ಎದುರುತ್ತರ ಕೊಡಬಹುದು, ಬೇಡಿಕೊಳ್ಳಬಹುದು, ಎದೆ ಮೇಲಿನ ಹೆಸರು ನೋಡಿಕೊಂಡು ಮೇಲಧಿಕಾರಿಗೆ ದೂರಬಹುದು. ಮೇಲಿಂದ ಬರುವ ದನಿಗೆ ಇದ್ಯಾವುದೂ ನಾಟುವುದಿಲ್ಲ. ಜನರಿಗೆ ಆದೇಶ ಕೊಡುವ ಡ್ರೋನ್ ಯಾವುದೇ ಇರಲಿ, ತಾನು ಯಾವ ಠಾಣೆಯದ್ದು ಅಂತ ಮೊದಲು ಹೇಳಬೇಕು, ರೆಕಾರ್ಡ್ ಮಾಡುತ್ತಿದ್ದರೆ ಅದನ್ನೂ ಹೇಳಬೇಕು. ಇದನ್ನು ನಿಯಮದಲ್ಲಿ ಬರೆಯಿರಿ.

ನೀವು ಏನು ಹೇಳಬಹುದು ಅಂತ ಊಹಿಸಬಲ್ಲೆ. ಗುರುತು ಬಯಲಾದರೆ ಹಾರಿಸುವವರಿಗೆ ಅಪಾಯ ಅನ್ನುತ್ತೀರಿ. ಸರಿಯಾದ ಮಾತು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಹೊಲಕ್ಕೆ ಔಷಧಿ, ಗೊಬ್ಬರ ಹೊಡೆಯುವ ಡ್ರೋನ್ ಕೊಡುವ ಗುರಿ ಇಟ್ಟುಕೊಳ್ಳಲಾಗಿತ್ತು. ಒಬ್ಬಂಟಿ ಹೆಣ್ಣುಮಗಳು ಯಾವ ಹೊಲದ ಬದುವಿನಲ್ಲಿ ನಿಂತಿದ್ದಾಳೆ ಅಂತ ಊರಿನ ಪ್ರತಿ ಫೋನಿನಲ್ಲೂ ಕಾಣಬಾರದು. ಅಮೆರಿಕದ ವ್ಯವಸ್ಥೆಯಲ್ಲಿ ಹಾರಿಸುವವರು ಇರುವ ಜಾಗವೂ ಬಯಲಾಗುತ್ತದೆ, ಅದು ನನಗೂ ಒಪ್ಪಿಗೆಯಿಲ್ಲ. ನಮ್ಮಲ್ಲಿ ಅದನ್ನು ಬಿಡಿ. ವಾಹನದ ನಂಬರ್ ಪ್ಲೇಟ್ ನೋಡಿದರೆ ಮಾಲೀಕನ ಮನೆ ವಿಳಾಸ ತಿಳಿಯುವುದಿಲ್ಲ. ಆದರೆ ಗುದ್ದಿ ಓಡಿದರೆ ಹಿಡಿಯಬಹುದು. ಅಷ್ಟು ಸಾಕು. ಸೇನೆ, ಪೊಲೀಸರ ಗುಪ್ತ ಕೆಲಸಗಳಿಗೆ ವಿನಾಯಿತಿ ಇರಲಿ, ಯಾರು ಬೇಡ ಅಂದರು?

ಇನ್ನು ಖರ್ಚಿನ ಮಾತು. 250 ಗ್ರಾಂ ಒಳಗಿನ ಆಟಿಕೆಯಂಥ ನ್ಯಾನೊ ಡ್ರೋನ್‌ಗಳನ್ನು ಬೇಕಿದ್ದರೆ ಬಿಡಿ. ತಾವೇ ಹಾರುವ, ಜನವಸತಿ ಮೇಲೆ ದಿನನಿತ್ಯ ಓಡಾಡುವ ವಾಣಿಜ್ಯ ಡ್ರೋನ್‌ಗಳಿಗೆ ಮೊದಲು ಗುರುತು ಸಾರುವುದನ್ನು ಕಡ್ಡಾಯ ಮಾಡಿ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಒಂದು ಸಣ್ಣ ರೇಡಿಯೊ ಮಾಡ್ಯೂಲ್ ಭಾರವಲ್ಲ.

2025ರ ಸೆಪ್ಟೆಂಬರ್‌ನಲ್ಲಿ ನೀವು ಸಿವಿಲ್ ಡ್ರೋನ್ ಮಸೂದೆಯ ಕರಡು ಹೊರತಂದಿರಿ. ಅದರಲ್ಲಿ ದಂಡ, ಜೈಲು, ಜಪ್ತಿ, ಕಡ್ಡಾಯ ವಿಮೆ ಎಲ್ಲ ಇದೆ. ವಿಮೆಯ ವಿಚಾರ ಸ್ವಾಗತ. ಒಂದೇ ಸಂದೇಹ. ಡ್ರೋನ್ ನನ್ನ ನೀರಿನ ಟ್ಯಾಂಕ್ ಒಡೆದು ಅಲ್ಲೇ ಬಿದ್ದಿದ್ದರೆ ಸರಿ. ಒಡೆದು ಹಾರಿಹೋದರೆ ಯಾರ ವಿಮೆಯಲ್ಲಿ ಕೇಳಲಿ? ಜೈಲಿನ ಕಲಂ ಬರೆಯುವ ಮೊದಲು, ನಾಳೆ ಬೆಳಿಗ್ಗೆ ಒಬ್ಬರು 112ಕ್ಕೆ ಫೋನ್ ಮಾಡಿ "ನಮ್ಮ ಮನೆ ಮೇಲೊಂದು ಡ್ರೋನ್ ನಿಂತಿದೆ" ಅಂದರೆ ಆ ಕಡೆ ಕೂತವರು ಯಾವ ಸ್ಕ್ರೀನ್ ನೋಡಿ ಉತ್ತರ ಕೊಡಬೇಕು ಅನ್ನುವುದನ್ನು ಬರೆಯಿರಿ. ಕೆಲವು ನಿಮಿಷದಲ್ಲಿ, ಕರೆ ಮಾಡಿದವರ ಭಾಷೆಯಲ್ಲಿ. ಆ ಸ್ಕ್ರೀನ್ ಇಲ್ಲದ ನಗರದಲ್ಲಿ ತಾವೇ ಹಾರುವ ಡೆಲಿವರಿ ಡ್ರೋನ್‌ಗಳಿಗೆ ಹೊಸ ಅನುಮತಿ ಕೊಡಬೇಡಿ. ಮಸೂದೆ ಮತ್ತೆ ಜನರ ಮುಂದೆ ಬರುವಾಗ ಕನ್ನಡದಲ್ಲೂ ಬರಲಿ, ಓದಿ ಬರೆಯಲು ಎರಡು ತಿಂಗಳಾದರೂ ಸಮಯ ಕೊಡಿ.

ಇಂತಿ,
ಬೆಂಗಳೂರಿನ ಒಬ್ಬ ನಿವಾಸಿ